ಟಿಪ್ಪುವಿನ ಕಥೆ ರಂಗ ಏರುವಾಗ

1799ರ ಮೇ 4ರಂದು ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ಕೈಗೆ ಬಿತ್ತು. ಸುದ್ದಿ ಲಂಡನ್ ಮುಟ್ಟಿದ್ದೇ ತಡ, ಅಲ್ಲಿನ ರಂಗಮಂದಿರಗಳಲ್ಲಿ ಮುತ್ತಿಗೆಯ ದೃಶ್ಯವೇ ಆಟವಾಯಿತು. ಗೆದ್ದವರು ತಮ್ಮ ಯುದ್ಧವೇ ನ್ಯಾಯವೆಂದು ಜನರಿಗೆ ಒಪ್ಪಿಸಲು ರಂಗವನ್ನು ಹೀಗೆ ಬಳಸಿಕೊಂಡರು. ಅದೇ ರಂಗ ಅಧಿಕಾರಕ್ಕೆ ಎದುರು ನಿಲ್ಲುವುದು ಹೇಗೆ? ಗಿರೀಶ ಕಾರ್ನಾಡರ ‘ಟಿಪೂ ಸುಲ್ತಾನ್ ಕಂಡ ಕನಸು’ ನಾಟಕವನ್ನು ಬಿಚ್ಚಿ ನೋಡಿದರೆ ಅದು ತಿಳಿಯುತ್ತದೆ.

ಭಾರತದ ಸ್ವಾತಂತ್ರ್ಯಕ್ಕೆ 50 ವರ್ಷ ತುಂಬಿದಾಗ ಬಿಬಿಸಿ ರೇಡಿಯೊ ಕಾರ್ನಾಡರಿಂದ ಈ ನಾಟಕ ಬರೆಸಿತು. ಆಳಿದವರ ನಾಡೇ ಕೇಳಿದಾಗ ಅವರು ಆರಿಸಿಕೊಂಡದ್ದು, ಆ ನಾಡಿನ ಸೈನ್ಯ ಕೊಂದ ದೊರೆಯ ಕನಸುಗಳನ್ನು. ಟಿಪ್ಪು ತನ್ನ ಕನಸುಗಳನ್ನು ಪಾರ್ಸಿಯಲ್ಲಿ, ತನ್ನ ಕೈಯಾರೆ ಬರೆದಿಡುತ್ತಿದ್ದ. ಆ ಪುಸ್ತಕ ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿತು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿರುವುದು 37 ಕನಸು. ಒಂದರಲ್ಲಿ ಗಂಡಸಿನ ಉಡುಪು ತೊಟ್ಟು ಬಂದವಳು ಹೆಂಗಸೆಂದು ಗೊತ್ತಾಗುತ್ತದೆ. ಶತ್ರುಗಳಾದ ಮರಾಠರೂ ಕೊನೆಗೆ ಹೀಗೆಯೇ ಎಂದು ಟಿಪ್ಪು ತಾನೇ ಅರ್ಥ ಬರೆದುಕೊಂಡಿದ್ದಾನೆ. ಹುಲಿಯೆಂದು ಕರೆಸಿಕೊಂಡವನ ಒಳಗಿನ ಆತಂಕ ಇಲ್ಲಿ ಕಾಣುತ್ತದೆ, ಆ ಕಾಲದ ಗಂಡಸರ ಧಿಮಾಕೂ ಕಾಣುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವರದಿಗಳಲ್ಲಿ ಸಿಗದ ಮನುಷ್ಯ ಇವನು. ನಾಟಕಕಾರನಿಗೆ ಬೇಕಾದದ್ದು ಇಂಥ ಆಧಾರವೇ: ಅಸಲಿ ಇರಬೇಕು, ಗೆದ್ದವರ ಕಥೆಗೆ ಹೊಂದದಂತಿರಬೇಕು.

ಕಥೆಯನ್ನು ಯಾರ ಬಾಯಲ್ಲಿ ಹೇಳಿಸಬೇಕು ಎಂಬುದರಲ್ಲಿ ಅರ್ಧ ನಾಟಕ ಅಡಗಿದೆ. ಕಾರ್ನಾಡರು ಆಸ್ಥಾನ ಇತಿಹಾಸಕಾರ ಕಿರ್ಮಾನಿಯನ್ನೂ ಕಂಪನಿಯ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿಯನ್ನೂ ಎದುರುಬದುರು ಕೂರಿಸಿದರು. ಮೆಕೆಂಜಿ ಕೇಳುತ್ತಾನೆ, ಕಿರ್ಮಾನಿ ಹೇಳುತ್ತಾನೆ. ಇತಿಹಾಸ ಬರೆಸುವವರು ಯಾರು, ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂದು ಪ್ರೇಕ್ಷಕ ಕೂತಲ್ಲೇ ಲೆಕ್ಕ ಹಾಕತೊಡಗುತ್ತಾನೆ.

ಬ್ರಿಟಿಷರಿಗೆ ಸೋತು ಟಿಪ್ಪು ಮಾಡಿಕೊಂಡ 1792ರ ಒಪ್ಪಂದವನ್ನೇ ನೋಡಿ. ಟಿಪ್ಪು ಅರ್ಧ ರಾಜ್ಯವನ್ನು, 3 ಕೋಟಿ 30 ಲಕ್ಷ ರೂಪಾಯಿಯನ್ನು ಕೊಡಬೇಕಾಯಿತು. ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಡಬೇಕಾಯಿತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಆ ಹುಡುಗರನ್ನು ಅಕ್ಕರೆಯಿಂದ ಬರಮಾಡಿಕೊಳ್ಳುವ ಚಿತ್ರಗಳನ್ನು ಇಂಗ್ಲಿಷ್ ಕಲಾವಿದರು ಬರೆದರು. ನಾಟಕ ಅದೇ ಘಟನೆಯನ್ನು ಅಪ್ಪನ ಕಡೆಯಿಂದ ತೋರಿಸುತ್ತದೆ. ಒಂದು ಅಂಕಿಯನ್ನೂ ತಿದ್ದಬೇಕಿಲ್ಲ, ನಿಲ್ಲುವ ಜಾಗ ಬದಲಾದರೆ ಸಾಕು.

ಇನ್ನೊಂದು ಉಪಾಯ, ಇವತ್ತಿನವರ ಹೆಸರೆತ್ತದೆ ಇವತ್ತಿನ ಮಾತಾಡುವುದು. ಕಾರ್ನಾಡರದೇ 1964ರ ‘ತುಘಲಕ್’ನಲ್ಲಿ ಜನ ನೆಹರೂ ಕಾಲದ ಮುರಿದ ಕನಸುಗಳನ್ನು ಕಂಡರು. ಪ್ರೇಕ್ಷಕನೇ ಹೊಂದಿಸಿಕೊಂಡ ಅರ್ಥವನ್ನು ಯಾವ ಸರ್ಕಾರಕ್ಕೆ ನಿಷೇಧಿಸಲು ಸಾಧ್ಯ?

ಆದರೆ ಒಬ್ಬ ದೊರೆಯನ್ನು ಇಳಿಸಿ ಇನ್ನೊಬ್ಬನನ್ನು ಹೊಗಳುವುದು ಎದುರಾಡುವುದಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿ ಆಚರಿಸುವುದಿಲ್ಲ. ತಮ್ಮ ಹಿರಿಯರನ್ನು ಟಿಪ್ಪು ಅಂದು ಕೊಲ್ಲಿಸಿದ ಎಂಬ ನೆನಪು ಅವರದು. ಆ ನೋವಿಗೆ ಜಾಗವಿಲ್ಲದ ಟಿಪ್ಪು ನಾಟಕ ನನ್ನ ಮಟ್ಟಿಗೆ ಅರ್ಧ ನಾಟಕ.

2022ರಲ್ಲಿ ಮೈಸೂರಿನ ರಂಗಾಯಣ ‘ಟಿಪ್ಪು ನಿಜ ಕನಸುಗಳು’ ಆಡಿತು. ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಒಕ್ಕಲಿಗರೆಂದು ಅದು ತೋರಿಸಿತು. ನಾಟಕಕ್ಕೆ ಪಾತ್ರ ಹುಟ್ಟಿಸುವ ಹಕ್ಕಿದೆ, ಅದನ್ನು ನಾನು ಕೊನೆಯತನಕ ಸಮರ್ಥಿಸುತ್ತೇನೆ. ನನ್ನ ತಕರಾರು ಆ ಹೆಸರುಗಳು ಚರಿತ್ರೆಯೆಂದೇ ಬೀದಿಗೆ ಬಂದದ್ದಕ್ಕೆ. 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲಿ ಆ ಹೆಸರಿನ ಸ್ವಾಗತ ಕಮಾನು ಎದ್ದಿತು, ಸಿನಿಮಾ ಮಾಡುವ ಘೋಷಣೆಯೂ ಆಯಿತು. ಆಧಾರವೆಲ್ಲಿ ಎಂದು ಇತಿಹಾಸಕಾರರು ಕೇಳಿದರು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಮೊದಲು ದಾಖಲೆ ಒದಗಿಸಿ ಎಂದರು. ಸಿನಿಮಾ ಯೋಜನೆಯನ್ನು ಕೈಬಿಡಲಾಯಿತು.

ಮಂಡ್ಯ ಭಾಗದ ಹಳ್ಳಿಗಳಿಗೆ ರಂಗದ ಅಭ್ಯಾಸ ಹೊಸದಲ್ಲ. ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆ ಸೀನರಿ, ಕೈಯಿಂದ ದುಡ್ಡು ಹಾಕಿ ಪಾತ್ರ ಕಟ್ಟುವ ಉಮೇದು, ಬೆಳಗಿನವರೆಗೂ ‘ಕುರುಕ್ಷೇತ್ರ’ ನೋಡುವ ಜನ, ಎಲ್ಲವೂ ಕೆ.ಆರ್. ಪೇಟೆ, ನಾಗಮಂಗಲದ ಕಡೆ ಇವೆ. ಇವರು ತಮ್ಮ ನೆಲದ್ದೇ ಕಥೆ ಆಡಬೇಕೆಂದರೆ ಪಾಂಡವಪುರದ ಚಿನಕುರಳಿ ಇದೆ. 1771ರಲ್ಲಿ ಟಿಪ್ಪುವಿನ ಅಪ್ಪ ಹೈದರಾಲಿ ಮರಾಠರಿಗೆ ಸೋತ ಜಾಗ ಅದು. ಕಥೆಯನ್ನು ಹೈದರನಿಂದಲೂ ಪೇಶ್ವೆಯಿಂದಲೂ ಶುರುಮಾಡದೆ, ಎರಡು ಸೈನ್ಯಕ್ಕೂ ಹುಲ್ಲು, ರಾಗಿ ಕೊಟ್ಟು ಬರಿಗೈಯಾದ ರೈತ ಹೆಂಗಸೊಬ್ಬಳಿಂದ ಶುರುಮಾಡಬಹುದು. ಅವಳ ಹೆಸರು ಯಾವ ಬಖೈರಿನಲ್ಲೂ ಇರುವುದಿಲ್ಲ. ಯುದ್ಧದ ಇಸವಿ, ಸೋಲು, ಸ್ಥಳ ಪುಸ್ತಕದಿಂದ ಬಂದದ್ದು, ಈ ಹೆಂಗಸು ನಮ್ಮ ಕಲ್ಪನೆ ಎಂದು ಮೊದಲ ಪದದ ಮೊದಲೇ ಸೂತ್ರಧಾರನ ಬಾಯಲ್ಲಿ ಹೇಳಿಸಬೇಕು. ಆಮೇಲೆ ಅವಳು ಯಾವ ದೊರೆಯನ್ನು ಬೇಕಾದರೂ ಲೆಕ್ಕ ಕೇಳಲಿ.