ಅಸ್ಸಿಯಿಂದ ರಾಜಘಾಟಿಗೆ: ಕಾಶಿಯಲ್ಲಿ ಒಂದು ಕಾಲ್ನಡಿಗೆ

ನಮ್ಮ ಹಿರಿಯರ ಕಾಲದಲ್ಲಿ ಕಾಶಿಗೆ ಹೊರಟವರನ್ನು ಊರಗಡಿಯ ತನಕ ಬಂದು ಕಣ್ಣೀರಿಟ್ಟು ಕಳುಹಿಸುತ್ತಿದ್ದರಂತೆ. ಹೋದವರು ಹಿಂದೆ ಬಂದರೆ ಅದು ಅವರ ಪುಣ್ಯ. ಬರುವಾಗ ತರುತ್ತಿದ್ದದ್ದು ಬಾಯಿಗೆ ಬೆಸುಗೆ ಹಾಕಿದ ಒಂದು ಪುಟ್ಟ ತಾಮ್ರದ ಗಿಂಡಿ. ಅದು ದೇವರ ಕೋಣೆಯ ಮೂಲೆಯಲ್ಲಿ ವರ್ಷಾನುಗಟ್ಟಲೆ ಕುಳಿತಿರುತ್ತಿತ್ತು, ಮನೆಯ ಯಾರದಾದರೂ ಕೊನೆಯ ಉಸಿರಿನ ಹೊತ್ತಿಗೆ ಮಾತ್ರ ಬಾಯಿ ಬಿಡಲು.

ನಮ್ಮ ಮನೆಯ ಗಿಂಡಿಯನ್ನು ತಂದೆಯವರಿಗಾಗಿ ಒಡೆದೆವು. ಮರುವರ್ಷ ನಾನು ಕಾಶಿಗೆ ಹೊರಟಾಗ ತಾಯಿ ಹೇಳಿದ್ದು ಒಂದೇ ಮಾತು: "ಮಗಾ, ಬರುವಾಗ ಒಂದು ಗಿಂಡಿ ತಾ. ನನಗೆ ಬೇಕು."

ಮಾರ್ಗದರ್ಶಿಗಳ ಹಿಂದೆ ಓಡಿ ನಾಲ್ಕು ಗುಡಿಗಳನ್ನು ನೋಡಿ ಬರುವ ಬದಲು, ಹೊಳೆಯ ದಂಡೆ ಹಿಡಿದು ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಬೇಕು, ನೀರನ್ನು ಎಲ್ಲಿ ತುಂಬಬೇಕೆಂದು ಆಮೇಲೆ ನಿಶ್ಚಯಿಸಬೇಕು ಎಂದು ನಾನು ಮೊದಲೇ ಮನಸ್ಸು ಮಾಡಿದ್ದೆ. ಕಾಶಿಯಲ್ಲಿ ಇದು ಕಷ್ಟದ ಕೆಲಸವಲ್ಲ. ದಕ್ಷಿಣದ ಅಸ್ಸಿಯಿಂದ ಉತ್ತರದ ರಾಜಘಾಟಿನವರೆಗೆ ಆರೇಳು ಕಿಲೋಮೀಟರು. ಘಾಟುಗಳು ಎಂಬತ್ತನಾಲ್ಕು ಎಂದು ಲೆಕ್ಕ. ಒಂದೊಂದರ ಗೋಡೆಯ ಮೇಲೂ ಹೆಸರು ಬರೆದಿದೆ. ಹೊಳೆಯನ್ನು ಬಲಕ್ಕೆ ಇಟ್ಟುಕೊಂಡು ನಡೆದರೆ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ.

ಉತ್ತರಕ್ಕೆ ಹರಿಯುವ ಗಂಗೆ

ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಅಸ್ಸಿ ಘಾಟಿಗೆ ಬಂದು ನಿಂತೆ. ಪೂರ್ವಕ್ಕೆ ಹರಿಯುವ ಗಂಗೆ ಇಲ್ಲಿ ಬಾಗಿ ಉತ್ತರಕ್ಕೆ ತಿರುಗುತ್ತಾಳೆ. ಊರೆಲ್ಲ ಎಡದಂಡೆಯ ಎತ್ತರದ ಮೇಲಿದೆ. ಎದುರು ದಂಡೆಯಲ್ಲಿ ಬರೇ ಮರಳು. ಹಾಗಾಗಿ ಸೂರ್ಯ ಮೂಡುವಾಗ ಅಡ್ಡ ಬರುವ ಮನೆಯಿಲ್ಲ, ಮರವಿಲ್ಲ. ಮೊದಲ ಬಿಸಿಲು ನೇರವಾಗಿ ಮೆಟ್ಟಿಲಿನ ಮೇಲೆ ಬೀಳುತ್ತದೆ. ದಕ್ಷಿಣದ ಅಸ್ಸಿ, ಉತ್ತರದ ವರುಣಾ ಇವೆರಡರ ನಡುವಿನ ಊರಾದ್ದರಿಂದ ವಾರಾಣಸಿ ಎಂಬ ಹೆಸರು ಎನ್ನುತ್ತಾರೆ. ಆ ಅಸ್ಸಿ ಈಗ ನಗರದ ಕೊಳೆ ಹೊರುವ ಒಂದು ತೋಡು.

ಸ್ವಲ್ಪ ಮುಂದೆ ತುಲಸೀ ಘಾಟ್. ತುಲಸೀದಾಸರು ಬಾಳಿ, 1623ರಲ್ಲಿ ದೇಹವಿಟ್ಟ ಸ್ಥಳ. ನನ್ನನ್ನು ಇಲ್ಲಿ ಹೆಚ್ಚು ಹೊತ್ತು ನಿಲ್ಲಿಸಿದ್ದು ನಮ್ಮ ಕಾಲದ ಇನ್ನೊಬ್ಬರ ನೆನಪು. ಸಂಕಟಮೋಚನ ದೇವಸ್ಥಾನದ ಮಹಂತರಾಗಿದ್ದ ವೀರಭದ್ರ ಮಿಶ್ರರು ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲಶಾಸ್ತ್ರದ ಇಂಜಿನಿಯರಿಂಗ್ ಪ್ರಾಧ್ಯಾಪಕರೂ ಆಗಿದ್ದರು. ಪ್ರತಿದಿನ ಗಂಗೆಯಲ್ಲಿ ಮುಳುಗುವ ಭಕ್ತ; ಅದೇ ನೀರನ್ನು ಶೀಶೆಯಲ್ಲಿ ಹಿಡಿದು ಪರೀಕ್ಷಿಸುವ ವಿಜ್ಞಾನಿ. 1982ರಲ್ಲಿ ಗಂಗೆಯನ್ನು ಶುದ್ಧಗೊಳಿಸುವ ಚಳುವಳಿಗಾಗಿ ಅವರು ಸಂಸ್ಥೆಯೊಂದನ್ನು ಕಟ್ಟಿದರು. ಸರಕಾರದ ಗಂಗಾ ಕಾರ್ಯಯೋಜನೆ ಬಂದದ್ದು 1986ರಲ್ಲಿ. ಮಿಶ್ರರು 2013ರಲ್ಲಿ ತೀರಿಕೊಂಡರು. ಸ್ನಾನದ ನೀರಿನ 100 ಮಿಲಿಲೀಟರಿನಲ್ಲಿ ಮಲದ ಬ್ಯಾಕ್ಟೀರಿಯಾ 500 ಇರಬಹುದು, 2,500 ಮೀರಲೇಬಾರದು ಎಂಬುದು ನಮ್ಮ ದೇಶದ ನಿಯಮ. ಕಾಶಿಯ ಘಾಟುಗಳಲ್ಲಿ ಅದರ ಎಷ್ಟೋ ಪಾಲು ಹೆಚ್ಚು ಕಂಡುಬಂದದ್ದುಂಟು. ಚೀಲದಲ್ಲಿದ್ದ ಖಾಲಿ ಗಿಂಡಿ ಒಮ್ಮೆಲೇ ಭಾರವಾದಂತೆ ತೋರಿತು.

ಪೇಟದ ಹಗ್ಗ, ಮೈಸೂರಿನ ಮೆಟ್ಟಿಲು

ಮುಂದಿನದು ಕೋಟೆಯಂತೆ ಎದ್ದು ನಿಂತ ಚೇತಸಿಂಗ್ ಘಾಟ್. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ಹಣಕ್ಕಾಗಿ ಪೀಡಿಸಿ ಕಾಶಿಯ ರಾಜ ಚೇತಸಿಂಗನನ್ನು ಇಲ್ಲಿಯೇ ಸೆರೆಯಲ್ಲಿಟ್ಟ. ರಾಜನ ಕಡೆಯವರು ಕಾವಲಿನ ಸಿಪಾಯಿಗಳ ಮೇಲೆ ಬಿದ್ದರು. ಆ ಗದ್ದಲದಲ್ಲಿ ರಾಜ ಪೇಟಗಳನ್ನು ಒಂದಕ್ಕೊಂದು ಗಂಟು ಹಾಕಿ, ಕಿಟಿಕಿಯಿಂದ ಇಳಿದು ದೋಣಿ ಹತ್ತಿ ಪಾರಾದನಂತೆ. ಹೇಸ್ಟಿಂಗ್ಸನೂ ಚುನಾರಿಗೆ ಓಡಬೇಕಾಯಿತು. ಕೆಳಗೆ ನಿಂತು ಆ ಎತ್ತರ ನೋಡಿದರೆ ಎಷ್ಟು ಪೇಟ ಬೇಕಾಗಿರಬಹುದೆಂದು ಲೆಕ್ಕ ಹಾಕಬೇಕೆನಿಸುತ್ತದೆ!

ಹನುಮಾನ್ ಘಾಟಿಗೆ ಬಂದರೆ ತೆಂಕಣದವರ ಕೇರಿ. ತಮಿಳು ಕವಿ ಸುಬ್ರಹ್ಮಣ್ಯ ಭಾರತಿ ಹುಡುಗನಾಗಿದ್ದಾಗ ಇಲ್ಲಿ ಅತ್ತೆಯ ಮನೆಯಲ್ಲಿದ್ದು ಓದಿದರು. ಅದರ ಪಕ್ಕದಲ್ಲೇ ಕರ್ನಾಟಕ ಘಾಟ್. 20ನೇ ಶತಮಾನದ ಆರಂಭದಲ್ಲಿ ಅಂದಿನ ಮೈಸೂರು ಸಂಸ್ಥಾನ ಕಟ್ಟಿಸಿದ್ದು. ಆ ಹೆಸರು ಕಂಡದ್ದೇ ಕಾಲು ತಾನಾಗಿ ನಿಂತಿತು. ಮೆಟ್ಟಿಲಲ್ಲಿ ಕುಳಿತು ಬುತ್ತಿ ಬಿಚ್ಚಿದ್ದ ಹಿರಿಯ ದಂಪತಿ ತುಮಕೂರು ಕಡೆಯವರು. ನನ್ನ ಮಾತು ಕೇಳಿ ಚಪಾತಿ ಕೊಟ್ಟರು.

"ಯಾವೂರು ನಿಮ್ದು?"

"ಕಾಸರಗೋಡು."

"ಓ, ಕೇರಳದವರಾ? ಕನ್ನಡ ಚೆನ್ನಾಗಿ ಕಲ್ತಿದೀರಿ!"

"ಕಲಿತದ್ದಲ್ಲ ಅಮ್ಮ, ಮನೆಮಾತು. ರಾಜ್ಯದ ಗಡಿ ಹಾಕಿದ್ದು 1956ರಲ್ಲಿ. ಮಾತು ಅದಕ್ಕಿಂತ ಹಿಂದಿನದು" ಎಂದೆ. ಆ ತಾಯಿ ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರೆ ಇನ್ನೊಂದು ಚಪಾತಿ ತಗೊಳ್ಳಿ" ಎಂದರು. ನಾನು ಬೇಡವೆನ್ನಲಿಲ್ಲ.

ಅಲ್ಲಿಂದ ಹತ್ತೇ ಹೆಜ್ಜೆಗೆ ಹರಿಶ್ಚಂದ್ರ ಘಾಟ್. ಚಿತೆಗಳು ಉರಿಯುತ್ತಿದ್ದವು. ಕಾಶಿಯ ರೀತಿಯೇ ಹೀಗೆ. ಬುತ್ತಿಯೂ ಚಿತೆಯೂ ಅಕ್ಕಪಕ್ಕ. ಯಾರೂ ಅಳುತ್ತಿರಲಿಲ್ಲ. ಇಂಥಲ್ಲಿ ಕ್ಯಾಮರಾ ಹೊರತೆಗೆಯದಿರುವುದೇ ಮರ್ಯಾದೆ.

ನಡುವಿನ ಜಾತ್ರೆ

ಕೆಂಪು ಬಿಳಿ ಪಟ್ಟಿಯ ಕೇದಾರ ಘಾಟ್ ದಾಟಿ ಗೋಡೆಗಳನ್ನು ಗಮನಿಸುತ್ತಾ ನಡೆದರೆ ಅಲ್ಲಲ್ಲಿ ತಲೆಗಿಂತ ಎಷ್ಟೋ ಮೇಲೆ ನೆರೆಯ ಗುರುತುಗಳು. 1978ರ ಸಪ್ಟೆಂಬರದಲ್ಲಿ ಗಂಗೆ ಸಮುದ್ರಮಟ್ಟದಿಂದ 73.9 ಮೀಟರಿಗೆ ಏರಿದ್ದಳು; ಅಪಾಯದ ಮಟ್ಟ 71.26. ಮಳೆಗಾಲದಲ್ಲಿ ಈ ದಾರಿಯೇ ನೀರಿನಡಿ. ನಡೆಯುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಬರುವುದು ಒಳ್ಳೆಯದು.

ದಶಾಶ್ವಮೇಧದಲ್ಲಿ ಜಾತ್ರೆಯಂಥ ಜನ. ಬಿದಿರಿನ ಕೊಡೆಗಳು, ಕ್ಷೌರಿಕರು, ದೋಣಿಗೆ ಕರೆಯುವವರು, ಹಣೆಗೆ ಗಂಧ ಹಚ್ಚಿ ಕೈ ಚಾಚುವವರು. ಪಕ್ಕದ ಮಾನ್ ಮಂದಿರವನ್ನು ಅಂಬರದ ರಾಜಾ ಮಾನಸಿಂಗ್ ಕಟ್ಟಿಸಿದ. 18ನೇ ಶತಮಾನದಲ್ಲಿ ಅದರ ಮಾಳಿಗೆಯ ಮೇಲೆ ಸವಾಯಿ ಜಯಸಿಂಗ್ ಗ್ರಹ ನಕ್ಷತ್ರಗಳನ್ನು ಅಳೆಯುವ ಕಲ್ಲು ಗಾರೆಯ ಯಂತ್ರಗಳನ್ನು ಕಟ್ಟಿಸಿದ. ಗದ್ದಲದಿಂದ ತಪ್ಪಿಸಿಕೊಳ್ಳಬೇಕಾದವರು ಅಲ್ಲಿಗೆ ಹತ್ತಬಹುದು.

ಲಲಿತಾ ಘಾಟಿನಿಂದ ವಿಶ್ವನಾಥನ ಗುಡಿಗೆ ಈಗ ವಿಶಾಲವಾದ ಕಲ್ಲು ಹಾಸಿದ ದಾರಿ. ಇದು ಉದ್ಘಾಟನೆಯಾದದ್ದು 2021ರ ದಶಂಬರದಲ್ಲಿ. ಅಹಲ್ಯಾಬಾಯಿ ಹೋಳ್ಕರ್ 18ನೇ ಶತಮಾನದಲ್ಲಿ ಕಟ್ಟಿಸಿದ ಗುಡಿಯನ್ನು ಹಿಂದೆ ಇಬ್ಬರು ಎದುರಾದರೆ ಗೋಡೆಗೆ ಒತ್ತಿ ನಿಲ್ಲಬೇಕಾದ ಗಲ್ಲಿಗಳಲ್ಲಿ ಹುಡುಕಿ ಹೋಗಬೇಕಾಗಿತ್ತು. ವೃದ್ಧರಿಗೆ ಹೊಸ ದಾರಿ ಉಪಕಾರವೇ. ಆದರೆ ಅದಕ್ಕಾಗಿ ನೂರಾರು ಮನೆಗಳು ಹೋದವೆಂಬುದೂ ಹೌದು. ಹಳೆಯ ಗಲ್ಲಿಯನ್ನು ನೋಡಬೇಕಾದವರು ಅದರ ಉತ್ತರಕ್ಕೆ ಹೊಕ್ಕರೆ ಇನ್ನೂ ಸಿಗುತ್ತದೆ, ದಾರಿಗಡ್ಡ ಮಲಗಿದ ಬಸವನ ಸಮೇತ.

ಮಣಿಕರ್ಣಿಕೆಯಲ್ಲಿ ಸೌದೆಯ ರಾಶಿ ಮನೆಯೆತ್ತರ. ಇಲ್ಲಿಯ ಬೆಂಕಿ ಎಂದೂ ಆರಿಲ್ಲವೆನ್ನುತ್ತಾರೆ. ಸಮೀಪದ ರತ್ನೇಶ್ವರ ಗುಡಿ ದಂಡೆಯ ಕಡೆಗೆ ವಾಲಿ ನಿಂತಿದೆ. ಪಂಚಗಂಗಾ ಘಾಟಿನ ಮೆಟ್ಟಿಲಲ್ಲಿ ಕಬೀರ ಕತ್ತಲಲ್ಲಿ ಮಲಗಿದ್ದು, ಸ್ನಾನಕ್ಕೆ ಇಳಿದ ರಮಾನಂದರ ಕಾಲು ತಾಗಿದಾಗ ಅವರ ಬಾಯಿಂದ ಬಂದ ರಾಮನಾಮವನ್ನೇ ದೀಕ್ಷೆಯೆಂದು ತಿಳಿದನೆಂಬ ಕತೆ. ಮೇಲೆ, ಬಿಂದುಮಾಧವನ ಹಳೆಯ ಗುಡಿಯಿದ್ದಲ್ಲಿ, ಔರಂಗಜೇಬನ ಕಾಲದ ಮಸೀದಿ.

ಇಲ್ಲಿಂದ ಮುಂದೆ ಯಾತ್ರಿಕರು ಕಡಿಮೆ. ಅಗಸರು, ಎಮ್ಮೆಗಳು, ಕ್ರಿಕೆಟ್ ಆಡುವ ಹುಡುಗರು. ಕೊನೆಗೆ 1887ರ ರೈಲು ಸೇತುವೆ, ಈಗಿನ ಮಾಲವೀಯ ಸೇತುವೆ. ಅದರ ಬಳಿಯ ರಾಜಘಾಟಿನ ದಿಬ್ಬದಲ್ಲಿ ಅಗೆದಾಗ ಕ್ರಿಸ್ತಪೂರ್ವದ ಕಾಶಿಯೇ ಸಿಕ್ಕಿತು. ನಡುವೆ ಕುಳಿತು, ನೋಡಿ, ಚಹಾ ಕುಡಿದು ಬರುವಾಗ ನನಗೆ ಏಳು ಗಂಟೆ ಹಿಡಿದಿತ್ತು. ಗಿಂಡಿ ಇನ್ನೂ ಖಾಲಿ.

ಗಿಂಡಿ ತುಂಬಿದ್ದು

ಹಿಂದಕ್ಕೆ ದೋಣಿಯಲ್ಲಿ ಬಂದೆ. ನನಗೆ ತಿಳಿದ ಮುರುಕು ಹಿಂದಿಯಲ್ಲಿ ದೋಣಿಯವನಿಗೆ ವಿಷಯ ಹೇಳಿದೆ. ಅವನು ನಗಲಿಲ್ಲ. ತುಲಸೀ ಘಾಟನ್ನೂ ದಾಟಿ, ಅಸ್ಸಿಗಿಂತ ಮೇಲಕ್ಕೆ, ಹೊಳೆಯ ನಡುವಿಗೆ ಒಯ್ದು ಹುಟ್ಟು ನಿಲ್ಲಿಸಿದ. "ನನ್ನ ತಾಯಿಗೂ ಇಲ್ಲಿಂದಲೇ ತುಂಬಿದ್ದು" ಎಂದ. ತುಂಬಿದೆ. ಗಲ್ಲಿಯೊಂದರಲ್ಲಿ ಬಾಯಿಗೆ ಬೆಸುಗೆ ಹಾಕಿಸಿದೆ.

ಮನೆಗೆ ಬಂದು ತಾಯಿಗೆ ಯಾವುದನ್ನೂ ಮುಚ್ಚಿಡಲಿಲ್ಲ. ಚರಂಡಿಗಳ ಸುದ್ದಿ, ಪ್ರಾಧ್ಯಾಪಕರ ಲೆಕ್ಕ, ಎಲ್ಲ ಹೇಳಿದೆ. ಅವರು ಗಿಂಡಿಯನ್ನು ಸೆರಗಿನಿಂದ ಒರಸಿ ಹಳೆಯ ಜಾಗದಲ್ಲೇ ಇಟ್ಟರು.

"ನನಗೆ ಒಂದು ಹನಿ ಸಾಕು. ಅದರಿಂದ ಆಗ ನನಗೇನೂ ಆಗಲಿಕ್ಕಿಲ್ಲ. ಆದರೆ ಅಲ್ಲಿ ದಿನಾ ಮೀಯುವ ಮಕ್ಕಳ ಗತಿ ಏನು ಮಗಾ?"

ಉತ್ತರ ಹೇಳಲು ನನಗೆ ತಿಳಿಯಲಿಲ್ಲ. ಮರುದಿನ ಚಂದ್ರಗಿರಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಿಟಿಕಿಯಿಂದ ಕೆಳಗಿನ ನೀರನ್ನು, ಎಷ್ಟೋ ವರ್ಷಗಳ ನಂತರ, ಬಗ್ಗಿ ನೋಡಿದೆ.