ಉತ್ತರದ ಹಾದಿಯಲ್ಲಿ ರೈಲುಗಳ ಪಂದ್ಯ

1895ರ ಆಗಸ್ಟ್ ತಿಂಗಳು. ಲಂಡನ್ ನಗರದಲ್ಲಿ ರಾತ್ರಿ ಎಂಟು ಹೊಡೆಯಿತು. ಯೂಸ್ಟನ್ ನಿಲ್ದಾಣದಿಂದ ಒಂದು ರೈಲು, ಅಲ್ಲಿಗೆ ಒಂದು ಮೈಲಿಯೂ ದೂರವಿಲ್ಲದ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಇನ್ನೊಂದು ರೈಲು, ಒಂದೇ ಗಳಿಗೆಯಲ್ಲಿ ಹೊರಟವು. ಎರಡಕ್ಕೂ ಗುರಿ ಒಂದೇ: ಸ್ಕಾಟ್ಲೆಂಡಿನ ಈಶಾನ್ಯ ತೀರದ ಅಬರ್ಡೀನ್. ಯಾವುದು ಮೊದಲು ಸೇರುವುದೆಂದು ಪತ್ರಿಕೆಗಳು ದಿನದಿನವೂ ವರದಿ ಮಾಡುತ್ತಿದ್ದವು.

ಗುರಿ ಒಂದಾದರೂ ಹಾದಿಗಳು ಎರಡು. ಪೂರ್ವ ತೀರದ ಹಾದಿಯ ಉದ್ದ 523 ಮೈಲಿ. ಗ್ರೇಟ್ ನಾರ್ದರ್ನ್, ನಾರ್ತ್ ಈಸ್ಟರ್ನ್, ನಾರ್ತ್ ಬ್ರಿಟಿಷ್ ಎಂಬ ಮೂರು ಕಂಪೆನಿಗಳು ಕೂಡಿ ಅದರಲ್ಲಿ ರೈಲು ನಡೆಸುತ್ತಿದ್ದವು. ಪಶ್ಚಿಮದ ಹಾದಿ 540 ಮೈಲಿ. ಅದು ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ಹಾಗೂ ಕ್ಯಾಲೆಡೋನಿಯನ್ ಕಂಪೆನಿಗಳದು. ಈ ಹಾದಿ ಹದಿನೇಳು ಮೈಲಿ ಹೆಚ್ಚು. ಸಾಲದುದಕ್ಕೆ ಶಾಪ್, ಬೀಟಕ್ ಎಂಬ ಎರಡು ಕಡಿದಾದ ಏರುಗಳನ್ನೂ ಹತ್ತಬೇಕು.

ಮೂರನೆಯವನಿಗೆ ಲಾಭ

ಈ ಹಗೆತನಕ್ಕೆ ಕಿಡಿ ಬಿದ್ದುದು ವೇಗದಿಂದಲ್ಲ, ಟಿಕೆಟ್ಟಿನಿಂದ. ಪೂರ್ವದವರ ಹಗಲು ರೈಲು ಒಂಬತ್ತು ಗಂಟೆಗಳಲ್ಲಿ ಎಡಿನ್‌ಬರೊ ಸೇರುತ್ತಿತ್ತು. ಆದರೆ ಅದರಲ್ಲಿ ಮೂರನೆಯ ದರ್ಜೆಯವರಿಗೆ ಪ್ರವೇಶವಿರಲಿಲ್ಲ. ಬಡ ಪ್ರಯಾಣಿಕ ಪಶ್ಚಿಮದ ಹಾದಿಯಲ್ಲಿ ಹತ್ತು ಗಂಟೆ ಕುಳಿತು ಹೋಗಬೇಕಾಗಿತ್ತು. 1887ರ ನವೆಂಬರಿನಲ್ಲಿ ಪೂರ್ವದವರು ಅವನಿಗೂ ಬಾಗಿಲು ತೆರೆದರು. ತಮ್ಮ ಗಿರಾಕಿ ಕೈಬಿಟ್ಟು ಹೋಗುವನೆಂದು ಪಶ್ಚಿಮದವರಿಗೆ ದಿಗಿಲಾಯಿತು. 1888ರ ಜೂನಿನಲ್ಲಿ ಅವರೂ ಪ್ರಯಾಣದ ಅವಧಿಯನ್ನು ಒಂಬತ್ತು ಗಂಟೆಗೆ ಇಳಿಸಿದರು. ಇವರು ಇಳಿಸಿದರೆಂದು ಅವರು, ಅವರು ಇಳಿಸಿದರೆಂದು ಇವರು! ಆಗಸ್ಟ್ 31ರಂದು ಪೂರ್ವದ ರೈಲು 7 ಗಂಟೆ 27 ನಿಮಿಷಗಳಲ್ಲಿ ಎಡಿನ್‌ಬರೊ ಮುಟ್ಟಿತು.

ಇಬ್ಬರ ಜಗಳ ಮೂರನೆಯವನಿಗೆ ಲಾಭವೆಂಬ ಗಾದೆ ಅಂದು ಅಕ್ಷರಶಃ ನಿಜವಾಯಿತು. ಮೂರನೆಯ ದರ್ಜೆಯವನಿಗೆ ವೇಗದ ರೈಲಿನಲ್ಲಿ ಜಾಗ ದೊರೆಯಿತು.

ಅಬರ್ಡೀನಿಗೆ ಓಟ

1890ರಲ್ಲಿ ಫೋರ್ತ್ ಸೇತುವೆ ಮುಗಿದ ಮೇಲೆ ಕದನ ಅಬರ್ಡೀನಿಗೆ ಹಬ್ಬಿತು. ಆಗಸ್ಟಿನಲ್ಲಿ ಬೇಟೆಯ ಋತು ಆರಂಭವಾಗುತ್ತಲೇ ಸಿರಿವಂತರು ಉತ್ತರಕ್ಕೆ ಹೊರಡುವ ಕಾಲ. ಆದರೆ ಎರಡು ಹಾದಿಗಳೂ ಅಬರ್ಡೀನಿಗೆ 38 ಮೈಲಿ ಇರುವಾಗ ಕಿನೇಬರ್ ಎಂಬಲ್ಲಿ ಕೂಡಿಕೊಳ್ಳುತ್ತಿದ್ದವು. ಅಲ್ಲಿ ಮೊದಲು ಬಂದ ರೈಲಿಗೇ ಜಯ. ಹಿಂದೆ ಬಿದ್ದುದಕ್ಕೆ ಅದರ ಬಾಲ ಹಿಡಿದು ಹೋಗುವುದಲ್ಲದೆ ಗತ್ಯಂತರವಿಲ್ಲ. ಒಮ್ಮೆ ಎರಡು ರೈಲುಗಳ ಸೂಚನೆಯೂ ಏಕಕಾಲಕ್ಕೆ ಬಂದಾಗ ಕ್ಯಾಲೆಡೋನಿಯನ್ ಕಂಪೆನಿಯ ಸಿಗ್ನಲ್‌ದಾರನು ಎದುರಾಳಿಗೇ ದಾರಿ ಬಿಟ್ಟನೆಂದು ಒಂದು ಕಥೆಯುಂಟು.

ಆಗಸ್ಟ್ 22ರ ಬೆಳಗಿನ 4-40ಕ್ಕೆ ಪೂರ್ವದ ರೈಲು ಅಬರ್ಡೀನ್ ತಲುಪಿತು. ಮರುದಿನ ಪಶ್ಚಿಮದವರು ಮೂರೇ ಡಬ್ಬಿಗಳ ಹಗುರವಾದ ರೈಲನ್ನು ಓಡಿಸಿ 4-32ಕ್ಕೆ ಸೇರಿದರು. 540 ಮೈಲಿ, 8 ಗಂಟೆ 32 ನಿಮಿಷ! ಕ್ರೂ ನಗರದಿಂದ ಕಾರ್ಲೈಲಿನವರೆಗೆ 141 ಮೈಲಿಗಳನ್ನು 126 ನಿಮಿಷಗಳಲ್ಲಿ ಎಳೆದ ಹಾರ್ಡ್‌ವಿಕ್ ಎಂಬ ಪುಟ್ಟ ಎಂಜಿನನ್ನು ಇಂದಿಗೂ ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ಸಂಗ್ರಹದಲ್ಲಿ ಕಾಪಾಡಿದ್ದಾರೆ.

ದಾಖಲೆಯೇನೋ ಅದ್ಭುತ. ಆದರೆ ನಸುಕಿನ ನಾಲ್ಕೂವರೆಗೆ ಮಕ್ಕಳು ಮರಿ, ಗಂಟುಮೂಟೆಗಳೊಡನೆ ಇಳಿದ ಸಂಸಾರವಂದಿಗನಿಗೆ ಎಂಟು ನಿಮಿಷದ ಉಳಿತಾಯದಿಂದ ಬಂದ ಭಾಗ್ಯವೇನು?

ಪ್ರೆಸ್ಟನ್ನಿನ ತಿರುವು

ಇದಕ್ಕಿಂತ ಕಠಿಣವಾದ ಪ್ರಶ್ನೆ ಮರುವರ್ಷ ಎದುರಾಯಿತು. 1896ರ ಜುಲೈ 13ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಪಶ್ಚಿಮದ ಹಾದಿಯ ಸ್ಕಾಟ್ಲೆಂಡ್ ರೈಲು ಪ್ರೆಸ್ಟನ್ ನಿಲ್ದಾಣದ ಬಳಿಯ ತಿರುವಿನಲ್ಲಿ ಹಳಿ ತಪ್ಪಿತು. ಗಂಟೆಗೆ ಹತ್ತು ಮೈಲಿ ಮಾತ್ರ ಸಲ್ಲುವ ಆ ತಿರುವಿನಲ್ಲಿ ರೈಲು ಸುಮಾರು ನಲವತ್ತೈದು ಮೈಲಿ ವೇಗದಿಂದ ಬಂದಿತ್ತು. ಸತ್ತವನು ಒಬ್ಬನೇ. ಆದರೆ ಆ ಒಂದು ಸಾವು ಜನರ ಹುರುಪನ್ನು ಭಯಕ್ಕೆ ತಿರುಗಿಸಿತು. ಕಂಪೆನಿಗಳು ಪಂದ್ಯವನ್ನು ಕೈಬಿಟ್ಟವು.

ಬಿಟ್ಟುದಷ್ಟೇ ಅಲ್ಲ, ಪೈಪೋಟಿಯನ್ನೇ ಮರೆತವು. ಲಂಡನ್ನಿನಿಂದ ಎಡಿನ್‌ಬರೊಗೆ ಹಗಲು ರೈಲುಗಳು ಎಂಟೂಕಾಲು ಗಂಟೆಗಿಂತ ಬೇಗ ಹೋಗಕೂಡದೆಂಬ ಒಪ್ಪಂದ 1932ರವರೆಗೂ ನಡೆಯಿತು. ಎಂಜಿನುಗಳು ಬಲಿತವು, ಗಡಿಯಾರ ನಿಂತೇ ಇತ್ತು! 1928ರಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ರೈಲು ನಡುವೆ ಎಲ್ಲಿಯೂ ನಿಲ್ಲದೆ ಎಡಿನ್‌ಬರೊಗೆ ಓಡಿದಾಗಲೂ ಹಿಡಿದ ಹೊತ್ತು ಅದೇ ಎಂಟೂಕಾಲು ಗಂಟೆ. ವೇಗಕ್ಕೆ ಕಡಿವಾಣ ಬಿದ್ದುದರಿಂದ ಕಂಪೆನಿಯವರು ರೈಲಿನೊಳಗೆ ಕ್ಷೌರದ ಕೋಣೆಯನ್ನಿಟ್ಟು ಪ್ರಯಾಣಿಕರನ್ನು ಓಲೈಸಿದರು.

ಒಪ್ಪಂದ ಮುರಿದ ಮೇಲೆ ಮತ್ತೆ ಹಳೆಯ ಚಪಲ ಕೆರಳಿತು. 1937ರ ಜೂನ್ 29ರಂದು ಪಶ್ಚಿಮದ ಹೊಸ ರೈಲು ಪತ್ರಕರ್ತರನ್ನು ಹೊತ್ತು ಗಂಟೆಗೆ 114 ಮೈಲಿ ವೇಗ ಮುಟ್ಟಿತೆಂದು ಸಾರಿತು. ಅದೇ ಭರದಲ್ಲಿ ಕ್ರೂ ನಿಲ್ದಾಣದ ಹಳಿಗಳ ಜಾಲಕ್ಕೆ ನುಗ್ಗಿದಾಗ ಅಡುಗೆಡಬ್ಬಿಯ ಪಿಂಗಾಣಿ ತಟ್ಟೆಗಳು ನೆಲಕ್ಕುರುಳಿ ಚೂರಾದವು. ಪ್ರೆಸ್ಟನ್ನಿನ ಪಾಠವನ್ನು ಈ ಸಲ ತಟ್ಟೆಗಳು ನೆನಪಿಸಿದುದು ಪ್ರಯಾಣಿಕರ ಪುಣ್ಯ.

ಯಾವುದು ಮೇಲು?

1948ರಲ್ಲಿ ಬ್ರಿಟನ್ನಿನ ರೈಲುಗಳೆಲ್ಲ ಸರ್ಕಾರದ ಕೈಸೇರಿದವು. 1990ರ ದಶಕದಲ್ಲಿ ಮರಳಿ ಖಾಸಗಿಯವರ ಪಾಲಾದವು. ಪೂರ್ವದ ಹಾದಿಯ ಮುಖ್ಯ ಸೇವೆ 2018ರಲ್ಲಿ ಪುನಃ ಸರ್ಕಾರದ ಒಡೆತನಕ್ಕೆ ಬಂದಿತು. 2021ರ ಅಕ್ಟೋಬರಿನಲ್ಲಿ ಲ್ಯೂಮೊ ಎಂಬ ಖಾಸಗಿ ಸೇವೆ ಅದೇ ಕಿಂಗ್ಸ್ ಕ್ರಾಸ್‌ನಿಂದ, ಅದೇ ಹಳಿಗಳ ಮೇಲೆ ಎಡಿನ್‌ಬರೊಗೆ ಹೊರಟಿತು. ಅದು ಮುಂದಿಟ್ಟ ಆಮಿಷ ಅಗ್ಗದ ಟಿಕೆಟ್ಟು; ಅದರಲ್ಲಿ ಎಲ್ಲರಿಗೂ ಒಂದೇ ದರ್ಜೆ. ಮೂರನೆಯ ದರ್ಜೆಯವನ ನೆಪದಲ್ಲಿ ಹುಟ್ಟಿದ ಜಗಳ ಕೊನೆಗೆ ದರ್ಜೆಯೇ ಇಲ್ಲದ ರೈಲಿಗೆ ಬಂದು ಮುಟ್ಟಿತು.

ಪೈಪೋಟಿ ಇಲ್ಲದಾಗ ಕಂಪೆನಿಗಳು ನಿದ್ರಿಸಿದವು. ಅತಿಯಾದಾಗ ತಿರುವನ್ನೂ ಮರೆತು ಓಡಿದವು. ಯಾವ ರೈಲು ಮೇಲೆಂದು ಅಳೆಯಲು ಗಡಿಯಾರವೊಂದೇ ಸಾಲದು. ಅದು ಯಾರನ್ನು ಹತ್ತಿಸಿಕೊಳ್ಳುತ್ತದೆ, ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ನೋಡಬೇಕು. 1895ರ ದಾಖಲೆ ಪುಸ್ತಕಗಳಲ್ಲಿ ಉಳಿದಿದೆ. 1887ರಲ್ಲಿ ತೆರೆದ ಬಾಗಿಲಂತೂ ಮತ್ತೆ ಮುಚ್ಚಲಿಲ್ಲ.