ಸಂತೆಯ ಕುರಿ ಮತ್ತು ಕಾಣದ ರೋಗ

ಕುರಿ ಕೊಳ್ಳಲು ಬಂದವನು ಮೊದಲು ಅದರ ತುಟಿಯನ್ನು ಬಿಡಿಸಿ ಹಲ್ಲುಗಳನ್ನು ನೋಡುವನು. ಆಮೇಲೆ ಬೆನ್ನೆಲುಬಿನ ಮೇಲೆ ಕೈಯಾಡಿಸುವನು. ಕಡೆಗೆ ನಾಲ್ಕು ಹೆಜ್ಜೆ ನಡೆಸಿ ಕುಂಟು ಇದೆಯೇ ಎಂದು ಪರೀಕ್ಷಿಸುವನು. ಹಲ್ಲಿನಿಂದ ವಯಸ್ಸು, ಬೆನ್ನಿನಿಂದ ಮೈಕಟ್ಟು, ನಡಿಗೆಯಿಂದ ಕಾಲಿನ ಸ್ಥಿತಿ ತಿಳಿಯುತ್ತವೆ. ಇವು ತಲೆಮಾರುಗಳ ಅನುಭವದಿಂದ ಬಂದ ಪರೀಕ್ಷೆಗಳು. ನಾವು ಪ್ರಯೋಗಶಾಲೆಯಲ್ಲಿ ಮಾಡುವ ಎಷ್ಟೋ ಅಳತೆಗಳಿಗಿಂತ ಕೀಳಲ್ಲ. ಆದರೆ ಮೊನ್ನೆಯಷ್ಟೇ ರೋಗಾಣು ಹೊಕ್ಕಿರುವ ಕುರಿಯನ್ನು ಇವುಗಳಲ್ಲಿ ಯಾವುದೂ ತೋರಿಸಿಕೊಡಲಾರದು. ಅಂಥ ಕುರಿಯೂ ಮೇಯುತ್ತದೆ, ಮೆಲುಕು ಹಾಕುತ್ತದೆ. ಅದರ ಕಣ್ಣು ನಿರ್ಮಲವಾಗಿಯೇ ಇರುತ್ತದೆ.

ರೋಗಾಣು ಮೈ ಹೊಕ್ಕ ದಿನಕ್ಕೂ ರೋಗದ ಚಿಹ್ನೆ ಕಾಣುವ ದಿನಕ್ಕೂ ನಡುವಣ ಕಾಲವನ್ನು ಕಾವಿನ ಅವಧಿ ಎನ್ನೋಣ. ಕುರಿಗಾರರು ಹಿರೇಬೇನೆ ಎಂದು ಕರೆಯುವ ಪಿ.ಪಿ.ಆರ್. ರೋಗದಲ್ಲಿ ಇದು ಸಾಮಾನ್ಯವಾಗಿ 4ರಿಂದ 6 ದಿನ. ಕೆಲವೊಮ್ಮೆ 10 ದಿನದವರೆಗೂ ಎಳೆಯುವುದುಂಟು. ಅನಂತರ ತೀವ್ರ ಜ್ವರ, ಕಣ್ಣು ಮೂಗುಗಳಿಂದ ಸೋರಿಕೆ, ಬಾಯಿಹುಣ್ಣು, ಭೇದಿ, ಕೆಮ್ಮು. ಈ ರೋಗವನ್ನು ಮೊದಲು ವರ್ಣಿಸಿದ್ದು 1942ರಲ್ಲಿ, ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ. ಭಾರತದಲ್ಲಿ ಇದನ್ನು 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ ಗುರುತಿಸಿದರು. ದನಗಳ ದೊಡ್ಡರೋಗಕ್ಕೆ ಇದು ಹತ್ತಿರದ ಬಂಧು. ಆ ಬಂಧುವನ್ನು ಭೂಮಂಡಲದಿಂದಲೇ ಅಳಿಸಲಾಯಿತೆಂದು 2011ರಲ್ಲಿ ಘೋಷಿಸಲಾಗಿದೆ. ಹಿರೇಬೇನೆಯನ್ನು 2030ರೊಳಗೆ ಅದೇ ದಾರಿಗೆ ಕಳಿಸಬೇಕೆಂಬುದು ಅಂತರರಾಷ್ಟ್ರೀಯ ಸಂಸ್ಥೆಗಳ ಗುರಿ.

ಈಗ ಒಂದು ಲೆಕ್ಕ ಮಾಡೋಣ. ಕಮಲಾಪುರದ ರೈತನೊಬ್ಬನು ಕಲಬುರಗಿಗೆ ಬಂದು 25 ಕುರಿಗಳನ್ನು ಕೊಂಡನೆಂದು ಭಾವಿಸಿರಿ. ಸುತ್ತಣ ಸೀಮೆಯ ನೂರು ಹಟ್ಟಿಗಳಲ್ಲಿ ಎರಡರಲ್ಲಿ ಮಾತ್ರ ರೋಗವಿದೆ ಎಂದುಕೊಳ್ಳೋಣ. ಇದು ಲೆಕ್ಕಕ್ಕಾಗಿ ನಾವೇ ಇಟ್ಟುಕೊಂಡ ಅಂಕಿ. ಇಪ್ಪತ್ತೈದನ್ನೂ ಒಂದೇ ಹಟ್ಟಿಯಿಂದ ಕೊಂಡರೆ ಆ ಹಟ್ಟಿ ರೋಗರಹಿತವಾಗಿರುವ ಸಂಭವ 0.98; ಅಪಾಯ ನೂರಕ್ಕೆ ಎರಡು. ಐದು ಹಟ್ಟಿಗಳಿಂದ ಐದೈದರಂತೆ ಕೊಂಡರೆ 0.98ನ್ನು ಐದು ಸಲ ಗುಣಿಸಬೇಕು, ಸುಮಾರು 0.90 ಬರುತ್ತದೆ, ಅಪಾಯ ನೂರಕ್ಕೆ ಹತ್ತು. ಒಂದೊಂದು ಕುರಿಯನ್ನು ಒಂದೊಂದು ಹಟ್ಟಿಯಿಂದ ಆರಿಸಿದರೋ? ಇಪ್ಪತ್ತೈದು ಸಲ ಗುಣಿಸಿದಾಗ ಉಳಿಯುವುದು 0.60. ರೋಗವುಳ್ಳ ಹಟ್ಟಿಯ ಕುರಿಯೊಂದಾದರೂ ಮಂದೆಗೆ ಸೇರುವ ಸಂಭವ ನೂರಕ್ಕೆ ನಲವತ್ತು! ಕುರಿಗಳ ಸಂಖ್ಯೆ ಮೂರು ಬಾರಿಯೂ ಅಷ್ಟೇ. ಬದಲಾದದ್ದು ಹಟ್ಟಿಗಳ ಸಂಖ್ಯೆ.

ರೋಗ ಹೊಕ್ಕ ಹಟ್ಟಿಯಲ್ಲಿಯೂ ಎಲ್ಲ ಕುರಿಗಳಿಗೆ ಸೋಂಕು ತಗುಲಿರುವುದಿಲ್ಲವಲ್ಲ ಎಂದು ಜಾಣ ವಿದ್ಯಾರ್ಥಿಯೊಬ್ಬನು ಕೇಳಬಹುದು. ಪ್ರಶ್ನೆ ಸರಿಯಾದುದೇ, ಆ ಕಾರಣದಿಂದ ಅಪಾಯ ಸ್ವಲ್ಪ ತಗ್ಗುತ್ತದೆ. ಆದರೆ ಸಂತೆಯಲ್ಲಿ ಹತ್ತು ಊರಿನ ಕುರಿಗಳು ಇಡೀ ದಿನ ಒಂದೇ ತೊಟ್ಟಿಯ ನೀರು ಕುಡಿದು, ಮೂತಿಗೆ ಮೂತಿ ತಾಗಿಸಿ ನಿಲ್ಲುತ್ತವೆ. ಬಕ್ರೀದಿನ ಹಿಂದಿನ ವಾರಗಳ ನೂಕುನುಗ್ಗಲನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಮೆಯಾದ ಅಪಾಯ ಅಲ್ಲಿ ಬಡ್ಡಿಸಹಿತ ಮರಳುತ್ತದೆ.

ವಾಹನದ ವೇಗವೂ ಇದರಲ್ಲಿ ಪಾಲುಗಾರ. ಹಿಂದೆ ನೂರೈವತ್ತು ಕಿಲೋಮೀಟರು ದೂರದಿಂದ ಮಂದೆಯನ್ನು ಹೊಡೆದುಕೊಂಡು ಬರುವಾಗ, ದಿನಕ್ಕೆ ಹದಿನೈದರಂತೆ ನಡೆದರೂ ಹತ್ತು ದಿನ ಬೇಕಾಗುತ್ತಿದ್ದಿತು. ಕಾವಿನ ಅವಧಿ ದಾರಿಯಲ್ಲಿಯೇ ತೀರಿ, ಬೇನೆ ಬಿದ್ದ ಕುರಿ ದಾರಿಯಲ್ಲಿಯೇ ಗುರುತು ಸಿಗುತ್ತಿದ್ದಿತು. ಇಂದು ಅದೇ ದೂರ ಲಾರಿಗೆ ಅರ್ಧ ದಿನವೂ ಅಲ್ಲ. ಕುರಿ ತಲಪಿದ ಮೇಲೆ, ಕೊಂಡವನ ದೊಡ್ಡಿಯಲ್ಲಿ, ಅವನ ಸ್ವಂತ ಕುರಿಗಳ ನಡುವೆ ಜ್ವರ ಏರುತ್ತದೆ.

ಇದು ನಮ್ಮ ಸೀಮೆಗೆ ಮಾತ್ರ ಸೇರಿದ ಕಥೆಯಲ್ಲ. 2001ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹೆಕ್ಸಮ್ ಮತ್ತು ಲಾಂಗ್‌ಟೌನ್ ಸಂತೆಗಳಲ್ಲಿ ಕಾಲುಬಾಯಿ ಬೇನೆ ತಗುಲಿದ ಕುರಿಗಳು ಕೈಬದಲಾದುವು. ಕುರಿಗಳಲ್ಲಿ ಈ ಬೇನೆಯ ಚಿಹ್ನೆಗಳು ತೀರ ಸೌಮ್ಯವಾದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ರೋಗ ಖಚಿತವಾದದ್ದು ಆ ತಿಂಗಳ 20ರಂದು. ಅಷ್ಟರೊಳಗೆ ಅದು ದೇಶದ ಹಲವು ಮೂಲೆಗಳನ್ನು ಸೇರಿಯಾಗಿತ್ತು. ಅದನ್ನು ಅಡಗಿಸುವಷ್ಟರಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಆಮೇಲೆ ಅಲ್ಲಿ ಒಂದು ನಿಯಮ ಬಂದಿತು: ಹೊಸ ಕುರಿ ದನಗಳು ಕೊಟ್ಟಿಗೆಗೆ ಬಂದರೆ ಅಲ್ಲಿಂದ ಆರು ದಿನ ಯಾವ ಪ್ರಾಣಿಯನ್ನೂ ಹೊರಕ್ಕೆ ಸಾಗಿಸಬಾರದು.

ಕೊಂಡವನು ಮಾಡಬೇಕಾದದ್ದೂ ಇದೇ ಜಾತಿಯ ಕೆಲಸ. ಹೊಸ ಕುರಿಗಳನ್ನು ಹಳೆಯ ಮಂದೆಯಿಂದ 21 ದಿನ ದೂರವಿಡಬೇಕು. ಹಿರೇಬೇನೆ, ಕುರಿ ಸಿಡುಬು, ಕಾಲುಬಾಯಿ ಬೇನೆಗಳ ಕಾವಿನ ಅವಧಿಗಳು ಸಾಮಾನ್ಯವಾಗಿ ಇಷ್ಟರಲ್ಲಿ ಅಡಗುತ್ತವೆ. ಪ್ರತ್ಯೇಕ ನೀರು, ಪ್ರತ್ಯೇಕ ಮೇವು. ಬೆಳಗ್ಗೆ ಮೊದಲು ಹಳೆಯ ಕುರಿಗಳ ಆರೈಕೆ, ಆಮೇಲೆ ಹೊಸವುಗಳದು. ಕೈಕಾಲು ತೊಳೆಯದೆ ಅಲ್ಲಿಂದ ಇಲ್ಲಿಗೆ ಮರಳಬಾರದು. ಲಸಿಕೆ ಹಾಕಿಸಿದೆನಲ್ಲ, ಇನ್ನೇಕೆ ಈ ಕಷ್ಟ ಎಂದು ಕೇಳುವವರುಂಟು. ಲಸಿಕೆಯ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಕೊಂಡ ದಿನ ಚುಚ್ಚಿಸಿದ ಲಸಿಕೆ ಆ ವಾರಕ್ಕೆ ಒದಗದು. ಕೊಳ್ಳುವ ಮೊದಲೇ, ಮಾರುವವನ ಹಟ್ಟಿಯಲ್ಲಿಯೇ, ಲಸಿಕೆ ಆಗಿರುವುದು ಉತ್ತಮ.

ಎಲ್ಲ ರೋಗಗಳೂ ಒಂದೇ ಬಗೆಯವಲ್ಲ. ಹಿರೇಬೇನೆಯ ವೈರಸ್ಸು ಪ್ರಾಣಿಯ ಮೈಯಿಂದ ಹೊರಬಿದ್ದ ಮೇಲೆ ಬಹುಕಾಲ ಬದುಕದು. ಸಿಡುಬಿನ ವೈರಸ್ಸಾದರೋ ಉದುರಿದ ಹಕ್ಕಳೆಯಲ್ಲಿ, ನೆರಳಿನ ದೊಡ್ಡಿಯಲ್ಲಿ, ತಿಂಗಳುಗಟ್ಟಲೆ ಕಾದಿರುತ್ತದೆ. ತೊಳೆಯದ ಲಾರಿಯನ್ನು ಬಾಡಿಗೆಗೆ ಹಿಡಿಯುವ ಮುನ್ನ ಇದನ್ನು ನೆನೆಯಬೇಕು. ನೀಲಿ ನಾಲಿಗೆ ರೋಗವನ್ನು ಹರಡುವುದು ಕ್ಯೂಲಿಕಾಯ್ಡಿಸ್ ಎಂಬ ಅತಿ ಸಣ್ಣ ನೊಣ. ಬೇಲಿ ಅದನ್ನು ತಡೆಯದು. ಮಳೆಗಾಲದಲ್ಲಿ ಆ ನೊಣಗಳು ಹೆಚ್ಚುವುದರಿಂದ ಆಗ ಕೊಳ್ಳುವುದನ್ನೇ ಮುಂದೂಡುವುದು ಲೇಸು.

ಮಾರುವವನ ಸಂಕಟ ಇನ್ನೂ ಕಠಿನವಾದುದು. ಮಂದೆಯಲ್ಲಿ ಎರಡು ಕುರಿ ಸತ್ತೊಡನೆ, ಉಳಿದವನ್ನು ಸಿಕ್ಕ ಬೆಲೆಗೆ ಮಾರಿಬಿಡೋಣವೆಂಬ ಯೋಚನೆ ಬರುತ್ತದೆ. ಮಂದೆಯೇ ಕುರಿಗಾರನ ಗಂಟು. ಅದು ಕಣ್ಣೆದುರು ಕರಗುವುದನ್ನು ನೋಡಿಕೊಂಡಿರೆಂದು ಹೇಳುವುದು ಕುರಿಯಿಲ್ಲದ ನಮಗೆ ಸುಲಭ. ಆದರೂ ರೋಗ ದೂರಕ್ಕೆ ನೆಗೆಯುವುದು ಬಹುಮಟ್ಟಿಗೆ ಈ ಆತುರದ ಮಾರಾಟದಿಂದಲೇ. 2009ರ ಕೇಂದ್ರ ಕಾಯಿದೆಯ ಪ್ರಕಾರ ಇಂಥ ರೋಗದ ಸಂಶಯ ಬಂದೊಡನೆ ಒಡೆಯನು ಗ್ರಾಮಾಧಿಕಾರಿಗೋ ಪಂಚಾಯಿತಿಗೋ ತಿಳಿಸಿ, ರೋಗಿಯನ್ನು ಬೇರೆಮಾಡಬೇಕು. ಸತ್ತ ಕುರಿಗೆ ಪರಿಹಾರವು ಹೊತ್ತಿಗೆ ಸರಿಯಾಗಿ ಕೈಸೇರುವಂತಿದ್ದರೆ ಈ ಕಾಯಿದೆಯನ್ನು ಪಾಲಿಸುವವರು ಹೆಚ್ಚುತ್ತಾರೆಂದು ನಮ್ಮ ನಂಬಿಕೆ. ದಂಡದ ಭಯಕ್ಕಿಂತ ಅದು ಬಲವಾದ ಕಾರಣ.

ಒಂದು ಸಂಗತಿಯನ್ನು ಅನುಭವಿಗಳೂ ಮರೆಯುವುದುಂಟು. ಬೆಲೆ ಕುದುರದೆ ಸಂತೆಯಿಂದ ಮರಳಿದ ಕುರಿಯನ್ನು ಅದರ ಒಡೆಯನು ಹೊಸದೆಂದು ಬಗೆಯುವುದಿಲ್ಲ. ಸಂಜೆ ನೇರವಾಗಿ ಮಂದೆಗೆ ಕೂಡಿಬಿಡುತ್ತಾನೆ. ಕಲಬುರಗಿಯಲ್ಲಿ ಹಗಲೆಲ್ಲ ನಿಂತು ರಾತ್ರಿ ಕಮಲಾಪುರಕ್ಕೆ ಹಿಂದಿರುಗಿದ ಆ ಟಗರಿಗೂ, ಕೊಂಡುತಂದ ಕುರಿಗಳಂತೆಯೇ, 21 ದಿನದ ಬೇರೆ ದೊಡ್ಡಿ ಬೇಕು.